ಜಾಲತಾಣ ಸಂದರ್ಶಕ ವಿಶ್ಲೇಷಣೆ ಮತ್ತು ಖಾಸಗಿತನ

ಅಂತರ್ಜಾಲದ ತಾಣವೊಂದಕ್ಕೆ ಎಷ್ಟು ಮಂದಿ ಬಂದರು, ಯಾವ ದಾರಿಯಿಂದ ಬಂದರು, ಯಾವ ಪುಟವನ್ನು ತೆರೆದು ಎಷ್ಟು ಹೊತ್ತು ನಿಂತರು, ಎಲ್ಲಿಂದ ಹಿಂದಿರುಗಿದರು ಎಂಬ ಸಂಗತಿಗಳನ್ನು ಯಂತ್ರಮುಖೇನ ದಾಖಲಿಸಿ, ಆ ದಾಖಲೆಯ ಆಧಾರದಿಂದ ತಾಣದ ಗುಣದೋಷಗಳನ್ನೂ ಓದುಗರ ಒಲವುಗಳನ್ನೂ ನಿರ್ಣಯಿಸುವ ವಿದ್ಯೆಗೆ ಸಂದರ್ಶಕ ವಿಶ್ಲೇಷಣೆಯೆಂದು ಹೆಸರು. ವ್ಯವಹಾರದಲ್ಲಿ ಇದು ವೆಬ್ ಅನಲಿಟಿಕ್ಸ್ ಎಂದೇ ರೂಢವಾಗಿದೆ. ಪತ್ರಿಕೆಗಳು, ಬ್ಯಾಂಕುಗಳು, ವಿಶ್ವವಿದ್ಯಾನಿಲಯಗಳು, ಸರ್ಕಾರದ ಇಲಾಖೆಗಳು, ಸಣ್ಣ ವ್ಯಾಪಾರಿಗಳು ಎಲ್ಲರೂ ಇದನ್ನು ಒಂದಲ್ಲ ಒಂದು ರೂಪದಲ್ಲಿ ಬಳಸುತ್ತಾರೆ. ಬಳಕೆ ವಿಸ್ತರಿಸಿದಂತೆಲ್ಲ ಅದರ ಸುತ್ತ ಗಂಭೀರವಾದ ವಿವಾದವೂ ಬೆಳೆದಿದೆ. ತಾಣವನ್ನು ನಡೆಸುವವನಿಗೆ ತನ್ನಲ್ಲಿಗೆ ಬಂದವರ ವಿಷಯವನ್ನು ತಿಳಿಯುವ ಅಧಿಕಾರ ಎಷ್ಟರಮಟ್ಟಿನದು, ಬಂದವನಿಗೆ ತಾನಾರೆಂದು ತಿಳಿಸದೆ ಓದಿ ಹೋಗುವ ಹಕ್ಕು ಎಷ್ಟರಮಟ್ಟಿನದು ಎಂಬುದು ಅದರ ತಿರುಳು. ಮೂರು ದಶಕಗಳ ಈ ಇತಿಹಾಸವನ್ನು ಅವಲೋಕಿಸಿದರೆ, ಭೇಟಿಗಳನ್ನು ಎಣಿಸುವುದು ಮತ್ತು ಭೇಟಿಯಿತ್ತವರನ್ನು ಗುರುತಿಸುವುದು ಎಂಬೆರಡು ಕಾರ್ಯಗಳು ಮೊದಲಲ್ಲಿ ಬೇರೆಬೇರೆಯಾಗಿದ್ದು ಕ್ರಮೇಣ ಒಂದರೊಳಗೊಂದು ಬೆರೆತುಹೋದುವೆಂಬುದೂ, ಇಂದಿನ ಕಾನೂನು ಮತ್ತು ತಂತ್ರಜ್ಞಾನಗಳ ಪ್ರಯತ್ನದ ಬಹುಭಾಗ ಅವನ್ನು ಪುನಃ ಬೇರ್ಪಡಿಸುವುದಕ್ಕಾಗಿಯೇ ನಡೆದಿದೆಯೆಂಬುದೂ ವಿಶದವಾಗುತ್ತದೆ.

ಉಗಮ

ಜಿನೀವಾ ನಗರದ ಬಳಿಯಿರುವ ಸರ್ನ್ ಸಂಶೋಧನಾ ಸಂಸ್ಥೆಯಲ್ಲಿ ಟಿಮ್ ಬರ್ನರ್ಸ್-ಲೀ 1989ರಲ್ಲಿ ಸೂಚಿಸಿ, ಮುಂದಿನ ಎರಡು ವರ್ಷಗಳಲ್ಲಿ ಕಾರ್ಯರೂಪಕ್ಕೆ ತಂದ ವೆಬ್ ವ್ಯವಸ್ಥೆಯಲ್ಲಿ, ಪುಟಗಳನ್ನು ಇಟ್ಟುಕೊಂಡಿರುವ ಯಂತ್ರಕ್ಕೆ ಸರ್ವರ್ ಎಂದೂ ಓದುಗನ ಕಡೆಯ ತಂತ್ರಾಂಶಕ್ಕೆ ಬ್ರೌಸರ್ ಎಂದೂ ಹೆಸರು. ಬ್ರೌಸರ್ ಕೇಳಿದ್ದನ್ನು ಸರ್ವರ್ ಕೊಡುತ್ತದೆ. ಕೊಟ್ಟದ್ದಕ್ಕೆ ಲೆಕ್ಕವಾಗಿ ತನ್ನ ಲಾಗ್ ಕಡತದಲ್ಲಿ ಒಂದು ಸಾಲನ್ನು ಬರೆದಿಡುತ್ತದೆ. ಯಂತ್ರ ಸರಿಯಾಗಿ ನಡೆಯುತ್ತಿದೆಯೇ ಎಂದು ನೋಡಿಕೊಳ್ಳಬೇಕಾದ ತಂತ್ರಜ್ಞರಿಗೆ ಈ ಸಾಲು ಆವಶ್ಯಕವಾಗಿದ್ದಿತೇ ವಿನಾ, ಓದುಗರನ್ನು ಅರಿಯಬೇಕೆಂಬ ಉದ್ದೇಶ ಅದರ ಹಿಂದೆ ಇರಲಿಲ್ಲ.

ಈ ಸಾಲಿನ ರಚನೆಯನ್ನು ಬಿಡಿಸಿ ನೋಡುವುದು ಉಪಯುಕ್ತ. ಮೊದಲಿಗೆ ಕೋರಿಕೆ ಬಂದ ಯಂತ್ರದ ಐಪಿ ವಿಳಾಸ. ಅನಂತರ ಬಳಕೆದಾರನ ಗುರುತಿಗೂ ಹೆಸರಿಗೂ ಮೀಸಲಾದ ಎರಡು ಅಂಕಣಗಳು. ಆಮೇಲೆ ದಿನಾಂಕ ಮತ್ತು ವೇಳೆ. ಬಳಿಕ ಕೇಳಿದ ಪುಟದ ವಿಳಾಸ. ಅದರ ಮುಂದೆ ಫಲಿತಾಂಶವನ್ನು ಸೂಚಿಸುವ ಮೂರಂಕಿಯ ಸಂಖ್ಯೆ, ಅಂದರೆ ಪುಟ ದೊರೆತಿದ್ದರೆ 200, ದೊರೆಯದಿದ್ದರೆ 404. ಅದಾದ ಮೇಲೆ ಕಳುಹಿಸಿದ ಬೈಟ್‌ಗಳ ಲೆಕ್ಕ. ವಿಸ್ತೃತ ರೂಪದಲ್ಲಾದರೆ ಇಷ್ಟರ ಮೇಲೆ, ಓದುಗ ಯಾವ ಪುಟದ ಕೊಂಡಿಯನ್ನು ಒತ್ತಿ ಇಲ್ಲಿಗೆ ಬಂದನೆಂಬುದೂ ಅವನ ಬ್ರೌಸರ್ ಮತ್ತು ಕಾರ್ಯಾಚರಣ ವ್ಯವಸ್ಥೆ ಯಾವುವೆಂಬುದೂ ಸೇರುತ್ತವೆ. ಇಷ್ಟೆಲ್ಲ ಇದ್ದರೂ, ಗುರುತು ಮತ್ತು ಹೆಸರುಗಳಿಗೆಂದು ಕಾಯ್ದಿರಿಸಿದ ಆ ಎರಡು ಅಂಕಣಗಳಲ್ಲಿ ಸಾಮಾನ್ಯವಾಗಿ ಒಂದೊಂದು ಅಡ್ಡಗೆರೆಯ ಹೊರತು ಬೇರೇನೂ ಇರುವುದಿಲ್ಲವೆಂಬುದು ಗಮನಾರ್ಹ. ಬಂದವನು ಯಾರೆಂಬುದು ಯಂತ್ರಕ್ಕೆ ತಿಳಿಯದು. ತಿಳಿಯಬೇಕಾದ ಅಗತ್ಯವೂ ಇರಲಿಲ್ಲ. ಮುಂದಿನ ಬೆಳವಣಿಗೆಯನ್ನೆಲ್ಲ ಆ ಅಡ್ಡಗೆರೆಯ ಸ್ಥಾನದಲ್ಲಿ ಏನನ್ನಾದರೂ ತುಂಬಿಸುವ ಪ್ರಯತ್ನಗಳ ಚರಿತ್ರೆಯೆಂದೇ ಭಾವಿಸಬಹುದು.

ಲಾಗ್ ಕಡತಗಳನ್ನು ಕೂಡಿಸಿ ಕಳೆದು ಕೋಷ್ಟಕಗಳನ್ನಾಗಿ ಮಾಡಿಕೊಡುವ ತಂತ್ರಾಂಶಗಳು 1990ರ ದಶಕದ ಮಧ್ಯಭಾಗದಲ್ಲಿ ಬಂದುವು. ಕೇಂಬ್ರಿಜಿನಲ್ಲಿ ಸ್ಟೀಫನ್ ಟರ್ನರ್ 1995ರಲ್ಲಿ ಹೊರತಂದ ಅನಲಾಗ್ ಅವುಗಳಲ್ಲಿ ಬಹು ಪ್ರಚಾರ ಪಡೆದದ್ದು. ಆದರೆ ಈ ಲೆಕ್ಕ ಹಲವು ಕಾರಣಗಳಿಂದ ದೋಷಯುಕ್ತವಾಗಿದ್ದಿತು. ಹತ್ತು ಚಿತ್ರಗಳಿರುವ ಒಂದು ಪುಟವನ್ನು ಒಬ್ಬನೇ ತೆರೆದರೂ ಹನ್ನೊಂದು ಕೋರಿಕೆಗಳು ದಾಖಲಾಗುತ್ತಿದ್ದುವು. ಒಮ್ಮೆ ತೆರೆದ ಪುಟವನ್ನು ಬ್ರೌಸರ್ ತನ್ನಲ್ಲೇ ಉಳಿಸಿಕೊಂಡು ಮತ್ತೆ ತೋರಿಸಿದರೆ ಸರ್ವರಿಗೆ ಅದು ತಿಳಿಯುತ್ತಲೇ ಇರಲಿಲ್ಲ. ಶೋಧಯಂತ್ರಗಳ ಸ್ವಯಂಚಾಲಿತ ತಂತ್ರಾಂಶಗಳು ಮನುಷ್ಯರ ಜೊತೆಗೆ ಎಣಿಕೆಗೆ ಸೇರಿಬಿಡುತ್ತಿದ್ದುವು. ಐಪಿ ವಿಳಾಸವನ್ನೇ ವ್ಯಕ್ತಿಯೆಂದು ತಿಳಿಯುವುದಕ್ಕೂ ಆಸ್ಪದವಿರಲಿಲ್ಲ. ಕಚೇರಿಯೊಂದರ ನೂರು ಮಂದಿ ಒಂದೇ ವಿಳಾಸದಿಂದ ಹೊರಗೆ ಕಾಣಬಹುದು. ಇಂದಿಗೂ ಮೊಬೈಲ್ ಕಂಪನಿಗಳು ಅಸಂಖ್ಯ ಗ್ರಾಹಕರಿಗೆ ಒಂದೇ ವಿಳಾಸವನ್ನು ಹಂಚುವ ಪದ್ಧತಿಯಿದೆ.

ಕುಕಿ ಮತ್ತು ಮೂರನೆಯವರ ಪ್ರವೇಶ

ವೆಬ್‌ನ ಮೂಲ ನಿಯಮದಂತೆ ಒಂದು ಕೋರಿಕೆಗೂ ಅದರ ಹಿಂದಿನ ಕೋರಿಕೆಗೂ ಸಂಬಂಧವಿಲ್ಲ, ಸರ್ವರಿಗೆ ನೆನಪೆಂಬುದಿಲ್ಲ. ಓದುವುದಕ್ಕೆ ಇದು ಸಾಕಾಗಿತ್ತು, ವ್ಯಾಪಾರಕ್ಕೆ ಸಾಲದಾಯಿತು. ಗ್ರಾಹಕ ಆರಿಸಿಟ್ಟ ವಸ್ತುಗಳನ್ನು ಅಂಗಡಿ ಮುಂದಿನ ಪುಟದಲ್ಲೇ ಮರೆತರೆ ಮಾರಾಟ ಸಾಗದು. ಈ ತೊಡಕಿನ ಪರಿಹಾರಕ್ಕಾಗಿ ನೆಟ್‌ಸ್ಕೇಪ್ ಕಂಪನಿಯ ಲೂ ಮಂಟುಲ್ಲಿ 1994ರಲ್ಲಿ ಕುಕಿಯನ್ನು ರೂಪಿಸಿದನು. ದೇವಸ್ಥಾನದ ಮುಂದೆ ಚಪ್ಪಲಿ ಬಿಡುವಲ್ಲಿ ಕೈಗೆ ಕೊಡುವ ಬಿಲ್ಲೆಯಲ್ಲಿ ಭಕ್ತನ ಹೆಸರಿರುವುದಿಲ್ಲ, ಒಂದು ಸಂಖ್ಯೆ ಮಾತ್ರ ಇರುತ್ತದೆ. ಕುಕಿಯೂ ಹಾಗೆಯೇ, ಸರ್ವರ್ ಕೊಟ್ಟು ಬ್ರೌಸರ್ ಇಟ್ಟುಕೊಳ್ಳುವ, ಮರಳಿ ಬಂದಾಗ ತೋರಿಸಬೇಕಾದ ಒಂದು ಸಂಖ್ಯೆ. ಕೊಟ್ಟ ತಾಣವೊಂದೇ ಅದನ್ನು ಓದಬಲ್ಲುದಾದ್ದರಿಂದ ಅಪಾಯವಿಲ್ಲವೆಂದು ಭಾವಿಸಲಾಗಿದ್ದಿತು.

ಆದರೆ ಒಂದು ಪುಟದಲ್ಲಿ ಹಲವು ತಾಣಗಳಿಂದ ತಂದ ಭಾಗಗಳು ಇರಬಹುದಷ್ಟೆ. ಒಂದೇ ಜಾಹೀರಾತು ಸಂಸ್ಥೆಯ ಚಿತ್ರ ಸಾವಿರ ತಾಣಗಳ ಪುಟಗಳಲ್ಲಿದ್ದರೆ, ಆ ಸಾವಿರ ಕಡೆಯೂ ಆ ಸಂಸ್ಥೆ ತನ್ನದೇ ಕುಕಿಯನ್ನು ಓದಬಲ್ಲುದು. ಬೆಳಗ್ಗೆ ಪತ್ರಿಕೆ ಓದಿದವನೂ ಮಧ್ಯಾಹ್ನ ಔಷಧದ ವಿಷಯ ವಿಚಾರಿಸಿದವನೂ ಸಂಜೆ ಸಾಲದ ಬಡ್ಡಿ ಲೆಕ್ಕ ಹಾಕಿದವನೂ ಒಬ್ಬನೇ ಎಂಬುದು ಅದಕ್ಕೆ ಗೊತ್ತಾಗುತ್ತದೆ. 1996ರಲ್ಲಿ ಆರಂಭವಾದ ಡಬಲ್‌ಕ್ಲಿಕ್ ಕಂಪನಿ ಈ ಮಾರ್ಗದಲ್ಲಿ ಪ್ರಬಲವಾಗಿ ಬೆಳೆಯಿತು. ಕುಕಿಯ ನಿಯಮಗಳನ್ನು ವಿಧಿಬದ್ಧಗೊಳಿಸಿ 1997ರಲ್ಲಿ ಪ್ರಕಟವಾದ ತಾಂತ್ರಿಕ ಮಾನದಂಡ, ಮೂರನೆಯವರ ಕುಕಿಗಳಿಗೆ ಬ್ರೌಸರುಗಳು ತಾವಾಗಿಯೇ ಅವಕಾಶ ಕೊಡಕೂಡದೆಂದು ಸೂಚಿಸಿದ್ದರೂ, ಆ ಕಾಲದ ಪ್ರಮುಖ ಬ್ರೌಸರ್ ತಯಾರಕರು ಅದನ್ನು ಅನುಸರಿಸಲಿಲ್ಲ. ಆ ಒಂದು ಉಪೇಕ್ಷೆಯಿಂದ ಉಂಟಾದ ಸ್ಥಿತಿಯನ್ನು ಸರಿಪಡಿಸಲು ಕಾಲು ಶತಮಾನವೂ ಸಾಲದಾಯಿತು.

ಸಂಖ್ಯೆಗೆ ಹೆಸರನ್ನು ಜೋಡಿಸುವ ಯತ್ನವೂ ಬೇಗನೆ ಬಂದಿತು. ಅಂಚೆಯ ಮೂಲಕ ಸರಕು ತರಿಸುವವರ ಹೆಸರು, ವಿಳಾಸ, ಖರೀದಿಗಳ ಬೃಹತ್ ಕೋಶವನ್ನು ಹೊಂದಿದ್ದ ಅಬಾಕಸ್ ಡೈರೆಕ್ಟ್ ಎಂಬ ಕಂಪನಿಯನ್ನು 1999ರಲ್ಲಿ ಕೊಂಡ ಡಬಲ್‌ಕ್ಲಿಕ್, ಆ ಕೋಶವನ್ನು ತನ್ನ ಕುಕಿ ದಾಖಲೆಗಳೊಡನೆ ಸೇರಿಸಲು ಉದ್ದೇಶಿಸಿತು. ಅಮೆರಿಕದಲ್ಲಿ ಸಾರ್ವಜನಿಕರ ಪ್ರತಿಭಟನೆ ಎದ್ದು, ಫೆಡರಲ್ ಟ್ರೇಡ್ ಕಮಿಷನ್ನಿನ ವಿಚಾರಣೆ ಆರಂಭವಾಗಲಾಗಿ, 2000ದ ಮಾರ್ಚಿನಲ್ಲಿ ಕಂಪನಿ ಆ ಯೋಜನೆಯನ್ನು ಕೈಬಿಟ್ಟಿತು. ಡಬಲ್‌ಕ್ಲಿಕ್ ಸಂಸ್ಥೆಯನ್ನು ಮುಂದೆ ಗೂಗಲ್ 310 ಕೋಟಿ ಡಾಲರುಗಳಿಗೆ ಕೊಂಡುಕೊಂಡು, 2008ರಲ್ಲಿ ಆ ವ್ಯವಹಾರವನ್ನು ಪೂರ್ಣಗೊಳಿಸಿತು.

ಆಧುನಿಕ ಕ್ರಮ

ಲಾಗ್ ಕಡತವನ್ನು ಓದುವುದಕ್ಕೆ ಬದಲಾಗಿ ಪುಟದೊಳಗೇ ಒಂದು ಕಿರು ಸ್ಕ್ರಿಪ್ಟನ್ನು ಅಡಕಮಾಡಿ, ಓದುಗನ ಬ್ರೌಸರಿನಿಂದಲೇ ವರದಿಯನ್ನು ಕಳುಹಿಸಿಕೊಳ್ಳುವುದು ಎರಡನೆಯ ಹಂತ. ಸ್ಯಾನ್ ಡಿಯೇಗೋದ ಅರ್ಚಿನ್ ಕಂಪನಿಯನ್ನು 2005ರಲ್ಲಿ ಕೊಂಡ ಗೂಗಲ್, ಅದೇ ವರ್ಷದ ನವೆಂಬರಿನಲ್ಲಿ ಗೂಗಲ್ ಅನಲಿಟಿಕ್ಸ್ ಎಂಬ ಹೆಸರಿನಿಂದ ಈ ಸೇವೆಯನ್ನು ಉಚಿತವಾಗಿ ಒದಗಿಸಿದಾಗ, ಬೇಡಿಕೆಯ ಭಾರವನ್ನು ತಾಳಲಾರದೆ ಕೆಲಕಾಲ ಹೊಸ ನೋಂದಣಿಯನ್ನೇ ನಿಲ್ಲಿಸಬೇಕಾಯಿತು. ದೊಡ್ಡ ಕಂಪನಿಗಳು ಹಣ ತೆತ್ತು ಪಡೆಯುತ್ತಿದ್ದ ವಿದ್ಯೆ ಹೀಗೆ ಸಣ್ಣ ತಾಣಗಳಿಗೂ ದೊರೆಯಿತು. ಜೊತೆಗೆ, ಪರಸ್ಪರ ಸಂಬಂಧವಿಲ್ಲದ ಲಕ್ಷಾಂತರ ತಾಣಗಳ ಭೇಟಿಯ ವರದಿ ಒಂದೇ ಸಂಸ್ಥೆಯ ಯಂತ್ರಗಳಿಗೆ ಹರಿಯತೊಡಗಿತು.

ಈ ಕ್ರಮದಲ್ಲಿ ಪ್ರತಿ ಬ್ರೌಸರಿಗೂ ಒಂದು ಗುರುತುಸಂಖ್ಯೆ ದೊರೆಯುತ್ತದೆ. ಅದನ್ನು ಹೊತ್ತ ಕುಕಿಯ ಆಯುಸ್ಸು ಸಾಮಾನ್ಯವಾಗಿ ಎರಡು ವರ್ಷ. ನಡುವೆ ಮೂವತ್ತು ನಿಮಿಷ ಯಾವ ಚಟುವಟಿಕೆಯೂ ಇಲ್ಲದಿದ್ದರೆ ಒಂದು ಭೇಟಿ ಮುಗಿಯಿತೆಂದು ಎಣಿಸುವುದು ರೂಢಿ. ಒಂದೇ ಪುಟ ನೋಡಿ ಹೊರಟವರ ಪ್ರಮಾಣಕ್ಕೆ ಬೌನ್ಸ್ ರೇಟ್ ಎನ್ನುತ್ತಾರೆ. ನೋಡಲು ಕರಾರುವಾಕ್ಕಾಗಿ ಕಾಣುವ ಈ ಅಂಕಿಗಳನ್ನು ವಿವೇಚನೆಯಿಂದ ಓದಬೇಕು. ಮೊಬೈಲು, ಕಚೇರಿಯ ಕಂಪ್ಯೂಟರು, ಮನೆಯ ಲ್ಯಾಪ್‌ಟಾಪು ಈ ಮೂರರಿಂದ ಬಂದ ಒಬ್ಬನೇ ಓದುಗ ಮೂವರಾಗಿ ತೋರುತ್ತಾನೆ. ಒಂದೇ ಫೋನನ್ನು ಬಳಸುವ ಕುಟುಂಬದ ನಾಲ್ವರು ಒಬ್ಬರಾಗಿ ತೋರುತ್ತಾರೆ. ಒಂದು ಪುಟದಲ್ಲಿ ಕಳೆದ ಸಮಯವನ್ನು ಮುಂದಿನ ಪುಟ ತೆರೆದ ವೇಳೆಯಿಂದ ಕಳೆದು ಲೆಕ್ಕಹಾಕುತ್ತಿದ್ದುದರಿಂದ, ಹಳೆಯ ಕ್ರಮದಲ್ಲಿ ಕಡೆಯ ಪುಟದ ಸಮಯ ದೊರೆಯುತ್ತಲೇ ಇರಲಿಲ್ಲ; ಒಂದೇ ದೀರ್ಘ ಪ್ರಬಂಧವನ್ನು ತೆರೆದು ಅರ್ಧ ಗಂಟೆ ಮನಸ್ಸಿಟ್ಟು ಓದಿ ಹೋದವನು ಕ್ಷಣವೂ ನಿಲ್ಲದೆ ಹೋದವನೆಂದೇ ದಾಖಲಾಗುತ್ತಿದ್ದನು.

ಕುಕಿಯಿಲ್ಲದೆಯೂ ಗುರುತಿಸಬಹುದೆಂಬುದನ್ನು ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ನಿನ ಪೀಟರ್ ಎಕರ್ಸ್‌ಲಿ 2010ರಲ್ಲಿ ತೋರಿಸಿದನು. ಬ್ರೌಸರಿನ ಆವೃತ್ತಿ, ಪರದೆಯ ಅಳತೆ, ಕಾಲವಲಯ, ಯಂತ್ರದಲ್ಲಿರುವ ಅಕ್ಷರವಿನ್ಯಾಸಗಳ ಪಟ್ಟಿ ಮೊದಲಾದ ಸಾಮಾನ್ಯ ವಿವರಗಳನ್ನು ಕೂಡಿಸಿ ನೋಡಿದಾಗ, ಅವನು ಪರೀಕ್ಷಿಸಿದ ಸುಮಾರು 4,70,000 ಬ್ರೌಸರುಗಳಲ್ಲಿ ಶೇಕಡಾ 83.6ರಷ್ಟು ಒಂದನ್ನೊಂದು ಹೋಲದೆ ಅನನ್ಯವಾಗಿದ್ದುವು. ಈ ವಿಧಾನಕ್ಕೆ ಫಿಂಗರ್‌ಪ್ರಿಂಟಿಂಗ್ ಎಂದು ಹೆಸರು. ಅಳಿಸಬಹುದಾದ ಕುಕಿಗಿಂತ ಇದು ಗಂಭೀರ. ಏಕೆಂದರೆ ಇಲ್ಲಿ ಓದುಗನ ಬಳಿ ಅಳಿಸುವುದಕ್ಕೆ ಏನೂ ಇರುವುದಿಲ್ಲ. ಭೇಟಿಯಿತ್ತವರ ಮೌಸಿನ ಚಲನೆ, ಕೀಲಿಮಣೆಯ ಒತ್ತು, ನಮೂನೆಯಲ್ಲಿ ಬರೆದು ಅಳಿಸಿದ ಅಕ್ಷರಗಳನ್ನು ಸಹ ಸೆರೆಹಿಡಿದು ಮರಳಿ ನೋಡುವ ಸೆಷನ್ ರಿಪ್ಲೇ ಸೇವೆಗಳು ಪ್ರಸಿದ್ಧವಾದ ಹಲವು ತಾಣಗಳಲ್ಲಿ ಬಳಕೆಯಲ್ಲಿರುವುದನ್ನು ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದ ಸಂಶೋಧಕರು 2017ರಲ್ಲಿ ಪ್ರಕಟಪಡಿಸಿದರು. ಕಳುಹಿಸುವ ಗುಂಡಿಯನ್ನು ಒತ್ತದೆ ಮನಸ್ಸು ಬದಲಿಸಿಕೊಂಡವನ ಮಾತೂ ಹೀಗೆ ಇನ್ನೊಬ್ಬರ ವಶವಾಗುತ್ತದೆ.

ಪಕ್ಷ ಪ್ರತಿಪಕ್ಷಗಳು

ವಿಶ್ಲೇಷಣೆಯ ಪರವಾಗಿ ಹೇಳುವ ಮಾತುಗಳು ಹಗುರವಾದುವಲ್ಲ. ಅರ್ಜಿ ತುಂಬುವ ತಾಣದಲ್ಲಿ ಬಹುಮಂದಿ ಮೂರನೆಯ ಹಂತದಲ್ಲೇ ಕೈಬಿಟ್ಟು ಹೋಗುತ್ತಿದ್ದಾರೆಂದು ಅಂಕಿ ಹೇಳಿದರೆ, ಆ ಹಂತದ ಭಾಷೆಯನ್ನೋ ವಿನ್ಯಾಸವನ್ನೋ ತಿದ್ದಿ ಸಾವಿರಾರು ಜನರ ಶ್ರಮವನ್ನು ಉಳಿಸಬಹುದು. ಓದುಗರಲ್ಲಿ ಹೆಚ್ಚಿನವರು ಸಣ್ಣ ಪರದೆಯ ಫೋನಿನಲ್ಲಿ ಓದುತ್ತಾರೆಂದು ತಿಳಿದ ಸಂಪಾದಕ ಅಕ್ಷರದ ಗಾತ್ರವನ್ನೂ ಪುಟದ ಭಾರವನ್ನೂ ಅದಕ್ಕೆ ತಕ್ಕಂತೆ ಮಾಡಬಲ್ಲ. ಜಾಹೀರಾತಿನ ಬಲದಿಂದ ಉಚಿತವಾಗಿ ದೊರೆಯುವ ಸುದ್ದಿ ಮತ್ತು ಜ್ಞಾನಕ್ಕೆ ಓದುಗರ ಲೆಕ್ಕವಿಲ್ಲದಿದ್ದರೆ ಆಧಾರ ಕುಸಿಯುವುದೆಂಬ ವಾದವೂ ಇದೆ.

ಪ್ರತಿಪಕ್ಷದವರ ಮೊದಲನೆಯ ಆಕ್ಷೇಪ ಸಮ್ಮತಿಗೆ ಸಂಬಂಧಿಸಿದ್ದು: ಬಹುಪಾಲು ಜನರಿಗೆ ತಮ್ಮನ್ನು ದಾಖಲಿಸುತ್ತಿರುವುದೇ ತಿಳಿಯದು, ತಿಳಿಸಿದರೂ, ದೀರ್ಘವಾದ ಕಾನೂನಿನ ಭಾಷೆಯ ಹೇಳಿಕೆಯನ್ನು ಓದಿ ಒಪ್ಪುವ ಕಾಲಾವಕಾಶ ಯಾರಿಗೂ ಇಲ್ಲ. ಎರಡನೆಯದು, ಹೆಸರಿಲ್ಲದ ದಾಖಲೆಯೂ ವ್ಯಕ್ತಿಯನ್ನು ತೋರಿಸಿಕೊಡಬಲ್ಲುದೆಂಬುದು. ಅಂಚೆ ವಲಯದ ಸಂಖ್ಯೆ, ಹುಟ್ಟಿದ ದಿನಾಂಕ, ಲಿಂಗ ಈ ಮೂರೇ ವಿವರಗಳಿಂದ ಅಮೆರಿಕದ ಶೇಕಡಾ 87 ಜನರನ್ನು ಬೇರೆಯಾಗಿ ಗುರುತಿಸಬಹುದೆಂದು ಲಟಾನ್ಯ ಸ್ವೀನಿ 2000ದಲ್ಲಿ ಲೆಕ್ಕಹಾಕಿದಳು. 2006ರಲ್ಲಿ ಎಒಎಲ್ ಕಂಪನಿ ಸಂಶೋಧಕರ ಉಪಯೋಗಕ್ಕೆಂದು ಸುಮಾರು 6,50,000 ಬಳಕೆದಾರರ ಎರಡು ಕೋಟಿ ಶೋಧಪದಗಳನ್ನು, ಹೆಸರಿನ ಬದಲು ಸಂಖ್ಯೆಯನ್ನಿಟ್ಟು ಪ್ರಕಟಿಸಿದಾಗ, ಪತ್ರಕರ್ತರು ಕೆಲವೇ ದಿನಗಳಲ್ಲಿ ಒಂದು ಸಂಖ್ಯೆಯ ಹಿಂದಿದ್ದ ವ್ಯಕ್ತಿಯ ಮನೆಯ ಬಾಗಿಲಿಗೇ ಹೋಗಿ ನಿಂತರು. ತನ್ನ ಊರು, ತನ್ನ ಕಾಯಿಲೆ, ತನ್ನ ಬಂಧುಗಳು ಇವನ್ನೇ ಮನುಷ್ಯ ಹುಡುಕುವನಾದುದರಿಂದ, ಅವನ ಹುಡುಕಾಟಗಳ ಮೊತ್ತವೇ ಅವನ ಪರಿಚಯಪತ್ರವಾಗುತ್ತದೆ.

ಮೂರನೆಯ ಆಕ್ಷೇಪ ಎಲ್ಲಕ್ಕಿಂತ ಆಳವಾದುದು. ಯಾರೋ ನೋಡುತ್ತಿದ್ದಾರೆಂಬ ಅರಿವು ಓದನ್ನೇ ಕುಂಠಿತಗೊಳಿಸುತ್ತದೆ. ಅಮೆರಿಕ ಸರ್ಕಾರದ ಜಾಲಕಣ್ಗಾವಲನ್ನು ಎಡ್ವರ್ಡ್ ಸ್ನೋಡನ್ 2013ರಲ್ಲಿ ಬಯಲುಮಾಡಿದ ಬಳಿಕ, ಭಯೋತ್ಪಾದನೆಗೆ ಸಂಬಂಧಿಸಿದ ವಿಕಿಪೀಡಿಯ ಲೇಖನಗಳನ್ನು ಓದುವವರ ಸಂಖ್ಯೆ ಗಣನೀಯವಾಗಿ ಇಳಿದುದನ್ನು ಜೊನಾಥನ್ ಪೆನಿ 2016ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿತು. ಅವು ಯಾವ ನಿಷೇಧಕ್ಕೂ ಒಳಗಾಗದ ವಿಶ್ವಕೋಶದ ಲೇಖನಗಳು. ತಿಳಿದುಕೊಳ್ಳುವ ಅಧಿಕಾರವಿದ್ದ ನಾಗರಿಕರೇ ಅಂಜಿ ಹಿಂಜರಿದರು. ಈ ಪ್ರಸಂಗದಲ್ಲಿ ಇನ್ನೊಂದು ಪಾಠವೂ ಅಡಗಿದೆ. ಕಣ್ಗಾವಲಿನ ಹಾನಿಯನ್ನು ಸಾಬೀತುಪಡಿಸಿದ ಆ ಪುರಾವೆ ದೊರೆತದ್ದು ವಿಕಿಪೀಡಿಯದ ಪುಟವೀಕ್ಷಣೆಗಳ ಸಾರ್ವಜನಿಕ ಎಣಿಕೆಯಿಂದ. ಓದಿದವರಲ್ಲಿ ಒಬ್ಬನನ್ನೂ ಗುರುತಿಸದೆಯೇ ಅದು ಸಾಧ್ಯವಾಯಿತು. ಎಣಿಕೆ ಸ್ವತಃ ನಿರ್ದೋಷಿ, ಗುರುತಿಸುವಿಕೆಯೊಡನೆ ಕೂಡಿದಾಗಲೇ ಅದು ಅಪಾಯಕಾರಿಯೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ದುರ್ಲಭ.

ಕಾನೂನಿನ ಬೆಳವಣಿಗೆ

ಖಾಸಗಿತನವನ್ನು ಪ್ರತ್ಯೇಕವಾದ ಹಕ್ಕೆಂದು ಪ್ರತಿಪಾದಿಸಿದ ಆದ್ಯ ಪ್ರಬಂಧ ಸ್ಯಾಮ್ಯುಯಲ್ ವಾರನ್ ಮತ್ತು ಲೂಯಿಸ್ ಬ್ರಾಂಡೈಸ್ 1890ರಲ್ಲಿ ಹಾರ್ವರ್ಡ್ ಲಾ ರಿವ್ಯೂ ಪತ್ರಿಕೆಯಲ್ಲಿ ಬರೆದದ್ದು. ಆಗ ಹೊಸದಾಗಿದ್ದ ಕ್ಷಿಪ್ರ ಛಾಯಾಗ್ರಹಣ ಮತ್ತು ಪತ್ರಿಕೆಗಳ ಕುತೂಹಲ ಅದಕ್ಕೆ ಪ್ರೇರಣೆ. ಅಂತರ್ಜಾಲದ ವಿಷಯದಲ್ಲಿ ಮುಂದಾಳ್ತನ ವಹಿಸಿದ್ದು ಯುರೋಪಿಯನ್ ಒಕ್ಕೂಟ. ಖಾಸಗಿತನ ಕುರಿತ ಅದರ 2002ರ ನಿರ್ದೇಶನವನ್ನು 2009ರಲ್ಲಿ ತಿದ್ದಿ ಕುಕಿಗೆ ಪೂರ್ವಸಮ್ಮತಿ ಬೇಕೆಂದು ವಿಧಿಸಲಾಯಿತು. 2016ರಲ್ಲಿ ಅಂಗೀಕೃತವಾಗಿ 2018ರ ಮೇ 25ರಿಂದ ಜಾರಿಗೆ ಬಂದ ಜಿಡಿಪಿಆರ್ ಎಂಬ ದತ್ತಾಂಶ ಸಂರಕ್ಷಣಾ ನಿಯಮಾವಳಿ, ಸಮ್ಮತಿ ಸ್ವತಂತ್ರವೂ ನಿರ್ದಿಷ್ಟವೂ ತಿಳಿದು ಕೊಟ್ಟದ್ದೂ ಆಗಿರತಕ್ಕದ್ದೆಂದು ವಿಧಿಸಿ, ಉಲ್ಲಂಘನೆಗೆ ಎರಡು ಕೋಟಿ ಯೂರೋ ಅಥವಾ ಜಾಗತಿಕ ವಹಿವಾಟಿನ ಶೇಕಡಾ 4, ಇವುಗಳಲ್ಲಿ ಹೆಚ್ಚಿನದರವರೆಗೆ ದಂಡವನ್ನು ಗೊತ್ತುಪಡಿಸಿತು. ಮೊದಲೇ ಗುರುತು ಹಾಕಿಟ್ಟ ಚೌಕ ಸಮ್ಮತಿಯಾಗಲಾರದೆಂದು ಒಕ್ಕೂಟದ ನ್ಯಾಯಾಲಯ 2019ರಲ್ಲಿ ತೀರ್ಪಿತ್ತಿತು. ದತ್ತಾಂಶ ಅಮೆರಿಕಕ್ಕೆ ಹೋಗುವುದೆಂಬ ಕಾರಣದಿಂದ ಆಸ್ಟ್ರಿಯ, ಫ್ರಾನ್ಸ್, ಇಟಲಿ ದೇಶಗಳ ಪ್ರಾಧಿಕಾರಗಳು 2022ರಲ್ಲಿ, ತಮ್ಮ ಮುಂದೆ ಬಂದ ಪ್ರಕರಣಗಳಲ್ಲಿ ಗೂಗಲ್ ಅನಲಿಟಿಕ್ಸ್ ಬಳಕೆಯನ್ನು ನಿಯಮಬಾಹಿರವೆಂದು ನಿರ್ಣಯಿಸಿದುವು. 2023ರ ಜುಲೈನಲ್ಲಿ ಎರಡು ಭೂಖಂಡಗಳ ನಡುವೆ ಹೊಸ ಏರ್ಪಾಡಾದ ಮೇಲೆ ಆ ಬಿಗಿ ಸಡಿಲಿತು.

ಈ ಕಾನೂನುಗಳ ಒಂದು ಅನಪೇಕ್ಷಿತ ಫಲವೆಂದರೆ ಪುಟ ತೆರೆದೊಡನೆ ಅಡ್ಡಬರುವ ಸಮ್ಮತಿಯ ಫಲಕಗಳು. ಒಪ್ಪಿಗೆಗೆ ದೊಡ್ಡ ಗುಂಡಿ, ನಿರಾಕರಣೆಗೆ ನಾಲ್ಕು ಪುಟಗಳ ಅಲೆದಾಟ ಎಂಬಂತಾದಾಗ ಸಮ್ಮತಿ ಬರಿಯ ಉಪಚಾರವಾಗುತ್ತದೆ. ನಿರಾಕರಣೆಯೂ ಒಪ್ಪಿಗೆಯಷ್ಟೇ ಸುಲಭವಾಗಿರಬೇಕೆಂಬ ತತ್ತ್ವದ ಮೇಲೆ ಫ್ರಾನ್ಸಿನ ದತ್ತಾಂಶ ಪ್ರಾಧಿಕಾರವಾದ ಸಿಎನ್‌ಐಎಲ್ 2022ರ ಆರಂಭದಲ್ಲಿ ಗೂಗಲ್‌ಗೆ 15 ಕೋಟಿ, ಫೇಸ್‌ಬುಕ್‌ಗೆ 6 ಕೋಟಿ ಯೂರೋ ದಂಡ ವಿಧಿಸಿತು. ಅದೇ ಸಂಸ್ಥೆ, ತಾಣವು ತನ್ನ ಸ್ವಂತ ಎಣಿಕೆಗೆ ಮಾತ್ರ ಬಳಸುವ, ಬೇರೆಡೆಯ ದಾಖಲೆಯೊಡನೆ ಸೇರಿಸದ ಮಾಪನಕ್ಕೆ ಸಮ್ಮತಿಯ ನಿಬಂಧನೆಯಿಂದ ವಿನಾಯಿತಿಯನ್ನೂ ಕೊಟ್ಟಿದೆ. ದಂಡವೂ ವಿನಾಯಿತಿಯೂ ಒಂದೇ ವಿವೇಕದ ಎರಡು ಮುಖಗಳು.

ಭಾರತದಲ್ಲಿ

ಭಾರತದಲ್ಲಿ ಈ ಹಕ್ಕಿನ ಸ್ಥಾಪನೆಯೊಡನೆ ಕರ್ನಾಟಕದ ಹೆಸರು ಚಿರಕಾಲ ಸೇರಿಕೊಂಡಿದೆ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. ಖಾಸಗಿತನ ಮೂಲಭೂತ ಹಕ್ಕಲ್ಲವೆಂದು ಸರ್ಕಾರ 1954 ಮತ್ತು 1962ರ ಹಳೆಯ ತೀರ್ಪುಗಳನ್ನು ಆಧರಿಸಿ ವಾದಿಸಲಾಗಿ, ಆ ಪ್ರಶ್ನೆ ಒಂಬತ್ತು ನ್ಯಾಯಮೂರ್ತಿಗಳ ಪೀಠಕ್ಕೆ ಹೋಯಿತು. ಖಾಸಗಿತನವು ಸಂವಿಧಾನದ 21ನೆಯ ವಿಧಿಯ ಜೀವ ಮತ್ತು ಸ್ವಾತಂತ್ರ್ಯದ ಹಕ್ಕಿನಲ್ಲಿಯೇ ಅಂತರ್ಗತವಾಗಿದೆಯೆಂದು 2017ರ ಆಗಸ್ಟ್ 24ರಂದು ಪೀಠ ಏಕಾಭಿಪ್ರಾಯದಿಂದ ಸಾರಿತು. ಒಬ್ಬ ವೃದ್ಧ ನ್ಯಾಯವೇತ್ತನ ಧರ್ಮನಿಷ್ಠೆಯಿಂದ ಕೋಟ್ಯಂತರ ಜನರ ಹಕ್ಕು ದೃಢವಾದ ಈ ಘಟನೆಯನ್ನು ಕನ್ನಡಿಗರು ಕೃತಜ್ಞತೆಯಿಂದ ನೆನೆಯತಕ್ಕದ್ದು.

ನ್ಯಾಯಮೂರ್ತಿ ಬಿ. ಎನ್. ಶ್ರೀಕೃಷ್ಣ ಸಮಿತಿಯ 2018ರ ವರದಿ, ಅನಂತರದ ಹಲವು ಕರಡುಗಳು ಇವುಗಳನ್ನು ದಾಟಿ 2023ರ ಆಗಸ್ಟಿನಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮ ರೂಪುಗೊಂಡಿತು; ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿ ಹಂತಹಂತವಾಗಿ ಜಾರಿಗೆ ಬರುವಂತೆ ಗೊತ್ತಾದುವು. ದಂಡದ ಪರಮಾವಧಿ 250 ಕೋಟಿ ರೂಪಾಯಿ. ಹದಿನೆಂಟು ವರ್ಷ ತುಂಬದವರ ಜಾಡು ಹಿಡಿಯುವುದನ್ನೂ ಅವರನ್ನು ಗುರಿಯಾಗಿಸಿದ ಜಾಹೀರಾತನ್ನೂ ಅಧಿನಿಯಮ ನಿರ್ಬಂಧಿಸುತ್ತದೆ. ಸಮ್ಮತಿ ಕೇಳುವ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಪ್ರಜೆಗೆ ಇರಬೇಕೆಂದು ವಿಧಿಸಿರುವುದರಿಂದ ಕನ್ನಡದಲ್ಲಿಯೂ ಆ ಸೂಚನೆಯನ್ನು ಪಡೆಯುವ ಹಕ್ಕು ದೊರೆತಿದೆ. ಸರ್ಕಾರದ ಅಂಗಗಳಿಗೆ ವಿನಾಯಿತಿ ನೀಡುವ ವಿಶಾಲ ಅಧಿಕಾರವನ್ನು ಅಧಿನಿಯಮ ಉಳಿಸಿಕೊಂಡಿರುವುದು ಮಾತ್ರ ತೀವ್ರ ಟೀಕೆಗೆ ಗುರಿಯಾಗಿದೆ; ಪ್ರಭುತ್ವದ ವಿರುದ್ಧವಾಗಿಯೇ ಸ್ಥಾಪಿತವಾದ ಹಕ್ಕಿಗೆ ಪ್ರಭುತ್ವವೇ ಹೊರಗಾಗುವುದು ಸಮಂಜಸವಲ್ಲವೆಂಬ ಆ ಟೀಕೆ ನ್ಯಾಯವಾದದ್ದು.

ತಾಂತ್ರಿಕ ಪರಿಹಾರಗಳು

ಹಿಂಬಾಲಿಸಬೇಡಿರೆಂಬ ಕೋರಿಕೆಯನ್ನು ಬ್ರೌಸರಿನಿಂದಲೇ ಕಳುಹಿಸುವ ಡೂ ನಾಟ್ ಟ್ರ್ಯಾಕ್ ಎಂಬ ಯೋಜನೆ, ಪಾಲಿಸಬೇಕೆಂಬ ಕಡ್ಡಾಯವಿಲ್ಲದೆ ವಿಫಲವಾಗಿ, ಅದರ ಪ್ರಮಾಣ ರೂಪಿಸುತ್ತಿದ್ದ ಸಮಿತಿ 2019ರಲ್ಲಿ ಮುಚ್ಚಿತು. ಬ್ರೌಸರುಗಳೇ ತಡೆಯೊಡ್ಡಿದ್ದು ಹೆಚ್ಚು ಫಲಕಾರಿಯಾಯಿತು: ಫೈರ್‌ಫಾಕ್ಸ್ 2019ರಲ್ಲಿ, ತಿಳಿದಿರುವ ಜಾಡುಗಾರರ ಕುಕಿಗಳನ್ನೂ ಸಫಾರಿ 2020ರಲ್ಲಿ ಮೂರನೆಯವರ ಎಲ್ಲ ಕುಕಿಗಳನ್ನೂ ತಡೆದುವು. ಎರಡು ವರ್ಷಗಳಲ್ಲಿ ಅದನ್ನೇ ಮಾಡುವುದಾಗಿ 2020ರಲ್ಲಿ ಘೋಷಿಸಿದ ಗೂಗಲ್, ಹಲವು ಮುಂದೂಡಿಕೆಗಳ ಬಳಿಕ 2024ರಲ್ಲಿ ಆ ಸಂಕಲ್ಪವನ್ನು ಕೈಬಿಟ್ಟಿತು. ಎಣಿಕೆಯನ್ನು ತಾಣದವರ ಸ್ವಂತ ಸರ್ವರಿನಲ್ಲೇ ಇಟ್ಟುಕೊಳ್ಳುವ ಮಟೋಮೊ, ಕುಕಿಯಿಲ್ಲದೆ ಎಣಿಸುವ ಪ್ಲಾಸಿಬಲ್ ಮೊದಲಾದ ಮುಕ್ತ ತಂತ್ರಾಂಶಗಳು ಬೇರೊಂದು ದಾರಿಯನ್ನು ತೋರಿವೆ. ಒಬ್ಬನ ದಾಖಲೆ ಸೇರಿದರೂ ಬಿಟ್ಟರೂ ಮೊತ್ತ ಹೆಚ್ಚುಕಡಿಮೆ ಒಂದೇ ಆಗಿರುವಂತೆ ಅಂಕಿಗಳಿಗೆ ಅಲ್ಪ ವ್ಯತ್ಯಾಸವನ್ನು ಬೆರೆಸುವ ಗಣಿತಕ್ರಮವೂ ಇದೆ. 2006ರಲ್ಲಿ ಸಿಂಥಿಯಾ ಡ್ವರ್ಕ್ ಮತ್ತು ಸಂಗಡಿಗರು ನಿರೂಪಿಸಿದ ಡಿಫರೆನ್ಷಿಯಲ್ ಪ್ರೈವಸಿ ಎಂಬ ಈ ತತ್ತ್ವವನ್ನು ವಿಕಿಮೀಡಿಯ ಸಂಸ್ಥೆ ದೇಶವಾರು ಪುಟವೀಕ್ಷಣೆಯ ಪ್ರಕಟನೆಯಲ್ಲಿ ಬಳಸುತ್ತದೆ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದ ಯಾವ ಲೇಖನ ಯಾವ ದಿನ ಎಷ್ಟು ಬಾರಿ ತೆರೆಯಲ್ಪಟ್ಟಿತೆಂಬುದನ್ನು ಇಂದು ಯಾರು ಬೇಕಾದರೂ ನೋಡಬಹುದು. ಯಾರು ತೆರೆದರೆಂಬುದನ್ನು ನೋಡಲಾಗದು.

ಸಮೀಕ್ಷೆ

ಮೇಲಿನ ವಿವರಣೆಯಿಂದ ಫಲಿಸುವ ಅಭಿಪ್ರಾಯವನ್ನು ಹೀಗೆ ಸಂಗ್ರಹಿಸಬಹುದು. ಪುಟವನ್ನು ಅಳೆಯುವುದು ತಾಣದವರ ಸಹಜವಾದ ಅಧಿಕಾರ. ಓದುಗನನ್ನು ತಾಣದಿಂದ ತಾಣಕ್ಕೆ ಹಿಂಬಾಲಿಸುವುದು ಆ ಅಧಿಕಾರದ ವ್ಯಾಪ್ತಿಯಲ್ಲಿಲ್ಲ. ಬೇಕಾದಷ್ಟನ್ನೇ ಸಂಗ್ರಹಿಸುವುದು, ಹೇಳಿದ ಉದ್ದೇಶಕ್ಕೇ ಬಳಸುವುದು, ಕೆಲಸ ಮುಗಿದ ಮೇಲೆ ಅಳಿಸುವುದು, ಬೇರೆಡೆಯ ದಾಖಲೆಯೊಡನೆ ಕೂಡಿಸದಿರುವುದು ಎಂಬ ನಾಲ್ಕು ನಿಯಮಗಳನ್ನು ಪಾಲಿಸಿದರೆ, ಸಂಪಾದಕನಿಗಾಗಲಿ ಅಧಿಕಾರಿಗಾಗಲಿ ವ್ಯಾಪಾರಿಗಾಗಲಿ ನಿಜವಾಗಿ ಆವಶ್ಯಕವಾದ ಯಾವ ತಿಳಿವಳಿಕೆಯೂ ತಪ್ಪಿಹೋಗುವುದಿಲ್ಲ. ಕನ್ನಡದಲ್ಲಿ ತಾಣಗಳನ್ನು ನಡೆಸುವ ಪತ್ರಿಕೆಗಳಿಗೂ ಸಂಸ್ಥೆಗಳಿಗೂ ಇದು ನೇರವಾಗಿ ಅನ್ವಯಿಸುತ್ತದೆ. ಸಮ್ಮತಿಯ ಸೂಚನೆಯನ್ನು ತೊಡಕಾದ ಅನುವಾದದಲ್ಲಲ್ಲದೆ ಓದುಗನಿಗೆ ಅರ್ಥವಾಗುವ ಕನ್ನಡದಲ್ಲಿ ಬರೆಯುವುದೂ, ಬೇಡವೆನ್ನುವ ಗುಂಡಿಯನ್ನು ಬೇಕೆನ್ನುವ ಗುಂಡಿಯ ಪಕ್ಕದಲ್ಲೇ ಅದೇ ಗಾತ್ರದಲ್ಲಿ ಇಡುವುದೂ, ತಮಗೆ ಉಪಯೋಗವಿಲ್ಲದ ಮೂರನೆಯವರ ಸ್ಕ್ರಿಪ್ಟುಗಳನ್ನು ಪುಟದಿಂದ ತೆಗೆದುಹಾಕುವುದೂ ಅವರಿಂದ ಇಂದೇ ಆಗಬಹುದಾದ ಕೆಲಸಗಳು. ಅದಕ್ಕೆ ದಂಡದ ಭಯ ಬರುವವರೆಗೆ ಕಾಯಬೇಕಾದುದಿಲ್ಲ.